ಮೂಡುಕೊಣಾಜೆಯ ಕಲ್ಮನೆ ಸಮಾಧಿಗಳು: ಒಂದು ಅಧ್ಯಯನ

ಮೂಡುಬಿದಿರೆ ಎಂದೊಡನೆ ಕ್ರಿ.ಶ. 1430ರ ಸಾವಿರ ಕಂಬದ ಬಸದಿಯು ನೆನಪಿಗೆ ಬರುವುದು ಸಹಜ. ಶಾಲಾ ಪ್ರವಾಸಗಳೂ ಸಾಮಾನ್ಯವಾಗಿ ಅಲ್ಲಿಂದಲೇ ಮೊದಲಾಗುತ್ತವೆ. ಆಸಕ್ತರು ಪಟ್ಟಣದ ಅಂಚಿನಲ್ಲಿ ಮುರಕಲ್ಲಿನಿಂದ ಅಂತಸ್ತು ಅಂತಸ್ತಾಗಿ ಕಟ್ಟಿರುವ ಜೈನ ಯತಿಗಳ ಸಮಾಧಿಗಳನ್ನೂ ನೋಡಿ ಹಿಂದಿರುಗುತ್ತಾರೆ. ಆದರೆ ಪಟ್ಟಣದಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿ, ಶಿರ್ತಾಡಿಗೆ ಹೋಗುವ ಮಾರ್ಗದ ಮೂಡುಕೊಣಾಜೆಯಲ್ಲಿ, ಈ ಯತಿಗಳ ಸಮಾಧಿಗಳಿಗಿಂತ ಎರಡು ಸಾವಿರ ವರ್ಷಗಳಷ್ಟು ಹಿಂದಿನವೆಂದು ಎಣಿಸಲಾದ ಸಮಾಧಿಗಳಿವೆ ಎಂಬುದನ್ನು ಬಲ್ಲವರು ವಿರಳ. ಅವುಗಳ ಮೇಲೆ ಶಾಸನವಿಲ್ಲ. ಅವುಗಳಲ್ಲಿ ಮಲಗಿದವರ ಹೆಸರೂ ತಿಳಿಯದು. ಹಾಗಿದ್ದರೂ ಕರಾವಳಿಯ ಚರಿತ್ರೆಯನ್ನು ಅಭ್ಯಾಸ ಮಾಡುವವರಿಗೆ ಅವು ಬಹು ಮುಖ್ಯವಾದ ಆಕರಗಳು.

ಶೋಧ

ಮೂಡುಕೊಣಾಜೆಯ ನೆಲೆಯನ್ನು 1980ರ ದಶಕದಲ್ಲಿ ಗುರುತಿಸಿ ವಿದ್ವಾಂಸರ ಗಮನಕ್ಕೆ ತಂದವರು ಇತಿಹಾಸಜ್ಞ ಪುಂಡಿಕಾೖ ಗಣಪಯ್ಯ ಭಟ್ಟರು. ಕಲ್ಲುಗುಡ್ಡದ ಇಳಿಜಾರಿನಲ್ಲಿ ಒಂಬತ್ತು ಕಲ್ಮನೆಗಳು ಅಂದು ಲೆಕ್ಕಕ್ಕೆ ಸಿಕ್ಕಿದ್ದವು. 2023ರಲ್ಲಿ ಶಿರ್ವದ ಕಾಲೇಜಿನ ಪುರಾತತ್ತ್ವ ಪ್ರಾಧ್ಯಾಪಕ ಟಿ. ಮುರುಗೇಶಿಯವರು ಇಲ್ಲಿನ ಅನ್ವೇಷಣೆಯ ಫಲವನ್ನು ಪ್ರಕಟಿಸಿದಾಗ ಅವುಗಳಲ್ಲಿ ಸುಸ್ಥಿತಿಯಲ್ಲಿ ಉಳಿದಿದ್ದವು ಎರಡು ಮಾತ್ರ. ಎರಡೂವರೆ ಸಾವಿರ ವರ್ಷಗಳಿಗೂ ಮಿಕ್ಕಿ ನಿಂತ ಕಲ್ಲುಗಳ ಪಾಲಿಗೆ ನಾಲ್ಕು ದಶಕಗಳು ಅಲ್ಪಕಾಲವೇ ಸರಿ. ಈ ಅಲ್ಪಕಾಲದಲ್ಲಿ ನೆಲೆಯ ಅವಸ್ಥೆ ಎಲ್ಲಿಗೆ ಬಂದಿತೆಂಬುದು ಚಿಂತನಾರ್ಹ.

ಕಲ್ಮನೆಯ ರಚನೆ

ಪಾಶ್ಚಾತ್ಯ ವಿದ್ವಾಂಸರು ಡಾಲ್ಮೆನ್ ಎಂದು ಕರೆಯುವ ಈ ರಚನೆಗೆ ಕಲ್ಮನೆ ಎಂಬ ಕನ್ನಡದ ಹೆಸರು ಚೆನ್ನಾಗಿ ಒಪ್ಪುತ್ತದೆ. ನಾಲ್ಕು ಕಡೆ ಚಪ್ಪಡಿಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಮೇಲೆ ದೊಡ್ಡದೊಂದು ಹಾಸುಗಲ್ಲನ್ನು ಹೊದಿಸಿದರೆ ಅದು ಕೋಣೆಯಂತಾಗುತ್ತದೆ. ಅನೇಕ ಕಡೆಗಳಲ್ಲಿ ಒಂದು ಚಪ್ಪಡಿಯ ಅಂಚು ಇನ್ನೊಂದರ ಬದಿಗೆ ತಾಗುವಂತೆ ನಿಲ್ಲಿಸಿರುವುದರಿಂದ ಹೊರಗಿನ ಮಣ್ಣಿನ ಒತ್ತಡಕ್ಕೆ ಅವು ಒಳಕ್ಕೆ ಬೀಳದೆ ಒಂದನ್ನೊಂದು ಆತುಕೊಳ್ಳುತ್ತವೆ. ಎಷ್ಟೋ ಕಲ್ಮನೆಗಳ ಒಂದು ಚಪ್ಪಡಿಯಲ್ಲಿ ದುಂಡಾದ ಕಿಂಡಿಯೂ ಇರುತ್ತದೆ. ಗಾರೆಯಿಲ್ಲದೆ, ಕೇವಲ ಭಾರದ ಬಲದಿಂದ ನಿಂತಿರುವ ಈ ರಚನೆಯಲ್ಲಿ ಒಂದು ಕಲ್ಲನ್ನು ಕಿತ್ತರೆ ಉಳಿದವೂ ಸಡಿಲಗೊಳ್ಳುವುವು.

ಇಂತಹ ಸಮಾಧಿಗಳು ಬಹುಮಟ್ಟಿಗೆ ಕಲ್ಲುಗುಡ್ಡಗಳ ಬಳಿಯಲ್ಲಿ ಕಂಡುಬರುವುದಕ್ಕೆ ಕಾರಣವನ್ನು ವಿದ್ಯಾರ್ಥಿಗಳು ತಾವೇ ಊಹಿಸಬಹುದು. ಪದರ ಪದರವಾಗಿ ಬಿಡುವ ಬಂಡೆ ಕೈಗೆಟಕುವಲ್ಲಿ ಚಪ್ಪಡಿಯನ್ನು ದೂರ ಸಾಗಿಸಬೇಕಿಲ್ಲ. ಉಳುಮೆಗೆ ಒದಗುವ ನೆಲವೂ ವ್ಯರ್ಥವಾಗುವುದಿಲ್ಲ. ಹಾಗಿದ್ದರೂ ಒಂದು ಹಾಸುಗಲ್ಲನ್ನು ಎಬ್ಬಿಸಿ, ಉರುಳಿಸಿ, ಮೇಲಕ್ಕೇರಿಸಲು ಹಲವು ಜನರ ಒಗ್ಗಟ್ಟಿನ ದುಡಿಮೆ ಬೇಕು. ತಮ್ಮವರಲ್ಲಿ ಒಬ್ಬರು ಸತ್ತಾಗ ಇಷ್ಟು ಶ್ರಮವನ್ನು ವಹಿಸಬಲ್ಲ ಜನಸಮುದಾಯವೊಂದು ಅಂದು ಇಲ್ಲಿತ್ತೆಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಕರಾವಳಿಯ ಇನ್ನೊಂದು ಬಗೆ

ತುಳುನಾಡಿನ ನೆಲದಲ್ಲಿ ಗಟ್ಟಿಬಂಡೆಯಷ್ಟೇ ಮುರಕಲ್ಲೂ ಹೇರಳ. ಮುರಕಲ್ಲು ನೆಲದೊಳಗಿರುವಾಗ ಮೆತ್ತಗಿದ್ದು, ಗಾಳಿಗೆ ತೆರೆದುಕೊಂಡ ಮೇಲೆ ಗಡುಸಾಗುತ್ತದೆ. ಈ ಗುಣವನ್ನರಿತ ಪ್ರಾಚೀನರು ಪದವುಗಳಲ್ಲಿ ಮುರಕಲ್ಲನ್ನೇ ಕೊರೆದು ಗುಹೆಯಂತಹ ಸಮಾಧಿಗಳನ್ನು ಮಾಡಿದರು. ಕಾಸರಗೋಡು ಮತ್ತು ಅದರ ದಕ್ಷಿಣದ ಕೇರಳದಲ್ಲಿ ಇವು ಹೆಚ್ಚಾಗಿ ದೊರೆತಿವೆ. ದಕ್ಷಿಣ ಕನ್ನಡ ಹಾಗೂ ಉಡುಪಿ ಜಿಲ್ಲೆಗಳಲ್ಲಿಯೂ ದೊರೆತಿವೆ. ಕೆಲವಕ್ಕೆ ಮೇಲ್ಭಾಗದಲ್ಲಿ ದುಂಡು ಬಾಯಿ, ಒಳಗೆ ಗುಮ್ಮಟದಂತಹ ಮಾಡು ಇರುವುದುಂಟು. ಒಂದೇ ಕಾಲದ ಒಂದೇ ನಂಬಿಕೆಯು ಸಿಕ್ಕಿದ ಕಲ್ಲಿಗನುಸಾರವಾಗಿ ಬೇರೆ ಬೇರೆ ರೂಪ ತಾಳಿದುದಕ್ಕೆ ಇದು ಒಳ್ಳೆಯ ನಿದರ್ಶನ. ಮೂಡುಬಿದಿರೆಯ ಯತಿಗಳ ಸಮಾಧಿಗಳೂ ಮುರಕಲ್ಲಿನವೇ ಆಗಿರುವುದರಿಂದ, ಒಂದೇ ದಿನದ ಪ್ರವಾಸದಲ್ಲಿ ಎರಡು ಕಾಲಗಳ ಎರಡು ಕಲ್ಲುಗೆಲಸಗಳನ್ನು ಹೋಲಿಸಿ ನೋಡುವ ಅವಕಾಶವೂ ದೊರೆಯುತ್ತದೆ.

ಮಣ್ಣಿನ ಮೂರ್ತಿಗಳು

2023ರಲ್ಲಿ ಮೂಡುಕೊಣಾಜೆಯ ಹೆಸರನ್ನು ನಾಡಿನಾಚೆಗೂ ಮುಟ್ಟಿಸಿದುದು ಅಲ್ಲಿ ದೊರೆತ ಸುಟ್ಟಮಣ್ಣಿನ ಎಂಟು ವಸ್ತುಗಳು. ಎರಡು ವೃಷಭರೂಪಗಳು, ಒಂದು ಮಾತೃದೇವತೆ, ಎರಡು ನವಿಲುಗಳು, ಒಂದು ಕುದುರೆ, ಮಾತೃದೇವತೆಯದೆನ್ನಲಾದ ಒಂದು ಕೈ, ಗುರುತಿಸಲಾಗದ ಒಂದು ವಸ್ತು ಎಂದು ಅವುಗಳನ್ನು ವಿಂಗಡಿಸಲಾಗಿದೆ. ವೃಷಭರೂಪಗಳಲ್ಲೊಂದು ಮಾನವ ದೇಹಕ್ಕೆ ಗೂಳಿಯ ತಲೆಯುಳ್ಳದ್ದು. ಅದರ ಎತ್ತರ ಸುಮಾರು 9 ಸೆಂಟಿಮೀಟರ್. ಎಲುಬಿನ ಹಾಗೂ ಕಬ್ಬಿಣದ ಚೂರುಗಳೂ ಜತೆಯಲ್ಲಿ ಸಿಕ್ಕಿವೆ. ಶೋಧಕರು ಇವುಗಳ ಕಾಲವನ್ನು ಕ್ರಿ.ಪೂ. 800ರಿಂದ 700 ಎಂದು ಅಂದಾಜಿಸಿ, ಕೇರಳದ ಮಲಂಪುಳದ ಮಣ್ಣಿನ ಮೂರ್ತಿಗಳೊಡನೆ ಹೋಲಿಸಿದ್ದಾರೆ. ತುಳುನಾಡಿನ ಭೂತಾರಾಧನೆಯ ಪ್ರಾಚೀನತೆಯನ್ನು ಅರಸಲು ಇವು ಆಧಾರವಾಗಬಲ್ಲವೆಂಬುದು ಅವರ ಅಭಿಪ್ರಾಯ.

ಈ ಅಭಿಪ್ರಾಯವು ಇತ್ಯರ್ಥವಾಗಬೇಕಾದರೆ ಹೋಲಿಕೆಗೆ ಮತ್ತಷ್ಟು ಸಾಮಗ್ರಿ ಬೇಕು. ಆ ಸಾಮಗ್ರಿ ದೊರೆಯಬೇಕಾದುದು ಕದಡದೆ ಉಳಿದ ಸಮಾಧಿಗಳಿಂದಲೇ. ಅಳಿದುಹೋದ ಏಳು ಕಲ್ಮನೆಗಳ ಬೆಲೆ ಇಲ್ಲಿ ಅರಿವಾಗುತ್ತದೆ.

ವಸ್ತುವಿಗಿಂತ ಸ್ಥಾನ ಮುಖ್ಯ

ಪುರಾತತ್ತ್ವದಲ್ಲಿ ವಸ್ತು ಎಷ್ಟು ಮುಖ್ಯವೋ ಅದು ಬಿದ್ದಿದ್ದ ಸ್ಥಾನ ಅದಕ್ಕಿಂತಲೂ ಮುಖ್ಯ. ಕರ್ನಾಟಕದ ಸಂಶೋಧನೆಯೇ ಇದಕ್ಕೆ ಉದಾಹರಣೆ ಒದಗಿಸುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ಮಣ್ಣಿನ ಪದರಗಳ ಆಧಾರದಿಂದ ಬೃಹತ್ ಶಿಲಾಸಮಾಧಿಗಳನ್ನು ಕಬ್ಬಿಣ ಬಳಸಿದ ಜನರಿಗೆ ಸೇರಿಸಿದರು. ಆದರೆ ಅವರು ಇಟ್ಟ ಕಾಲ ಕ್ರಿಸ್ತಪೂರ್ವದ ಕೊನೆಯ ಶತಮಾನಗಳ ಹಿಂದಕ್ಕೆ ಹೆಚ್ಚು ಸರಿಯಲಿಲ್ಲ. 1965ರಲ್ಲಿ ಎಂ.ಎಸ್. ನಾಗರಾಜರಾಯರು ತುಂಗಭದ್ರಾ ತೀರದ ಹಳ್ಳೂರಿನಲ್ಲಿ ಅಗೆದಾಗ, ಕಬ್ಬಿಣ ದೊರೆತ ಪದರದ ಇದ್ದಿಲನ್ನು ಇಂಗಾಲದ ಪರೀಕ್ಷೆಗೆ ಒಳಪಡಿಸಲಾಯಿತು. ದಕ್ಷಿಣದ ಕಬ್ಬಿಣಯುಗದ ಆರಂಭ ಕ್ರಿ.ಪೂ. 1000ದ ಸುಮಾರಿಗೆ ಸರಿಯಿತು. ಹಿಡಿಯಷ್ಟು ಇದ್ದಿಲು ಶತಮಾನಗಳ ಲೆಕ್ಕವನ್ನು ತಿದ್ದಿತು. ಅದು ತನ್ನ ಪದರದಲ್ಲಿಯೇ ಉಳಿದಿದ್ದರಿಂದ ಮಾತ್ರ ಇದು ಸಾಧ್ಯವಾಯಿತು.

ತುಳುನಾಡಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಆಳುಪರ ವಡ್ಡರ್ಸೆ ಶಾಸನವೂ ಏಳನೆಯ ಶತಮಾನದ್ದು. ಅದಕ್ಕಿಂತ ಹಿಂದಿನ ಈ ನೆಲದ ಜನಜೀವನವನ್ನು ನೆಲದೊಳಗಿನ ಅವಶೇಷಗಳಿಂದಲೇ ಹೆಚ್ಚಾಗಿ ತಿಳಿಯಬೇಕು. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಹುಳಿಗುಣದ ಮಣ್ಣಿನಲ್ಲಿ ಮರ, ಬಟ್ಟೆ, ಎಲುಬುಗಳು ಬೇಗ ಕರಗುತ್ತವೆ. ಚಪ್ಪಡಿಗಳ ಆಶ್ರಯದಲ್ಲಿ ಉಳಿದ ಸ್ವಲ್ಪವೂ ಕಲ್ಲು ಕಿತ್ತೊಡನೆ ನಾಶವಾಗುತ್ತದೆ.

ಪಾಂಡವರ ಹೆಸರು

ನಾಡಿನ ಅನೇಕ ಕಡೆ ಜನರು ಈ ಸಮಾಧಿಗಳನ್ನು ಪಾಂಡವರಿಗೆ ಸೇರಿಸಿ ಹೇಳುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಸುತ್ತ ಇವು ಮೋರ್ಯರ ಮನೆಗಳು. ವನವಾಸಕ್ಕೆ ಬಂದ ಪಾಂಡವರು ರಾತ್ರಿ ಕಳೆಯಲು ಕಟ್ಟಿದರೆಂಬ ಕಥೆ ಚಾರಿತ್ರಿಕ ಸತ್ಯವಲ್ಲದಿದ್ದರೂ ಸಂಶೋಧಕನಿಗೆ ಅದು ದಾರಿದೀಪ. ಬಂಟ್ವಾಳ ತಾಲ್ಲೂಕಿನಲ್ಲಿ ಪಾಂಡವರಕಲ್ಲು ಎಂಬ ಊರೇ ಉಂಟು. ಹೆಸರು ಮಾತ್ರದಿಂದ ಸಮಾಧಿಯಿತ್ತೆಂದು ನಿರ್ಣಯಿಸಲಾಗದು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ವಿದ್ಯಾರ್ಥಿಗಳು ತಮ್ಮ ಊರಿನ ಗುಡ್ಡೆ, ಪದವು, ಪಾದೆಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಂಡರೆ, ಅದು ನಾಳಿನ ಅನ್ವೇಷಣೆಗೆ ಅಮೂಲ್ಯವಾದ ಪಟ್ಟಿಯಾದೀತು.

ಶಾಲೆಯ ಕರ್ತವ್ಯ

ಕಲ್ಮನೆಗಳಿಗೆ ಮಳೆಗಾಳಿಗಳಿಗಿಂತ ಮನುಷ್ಯನ ಭಯ ಹೆಚ್ಚು. ನಿಧಿಯಿದೆಯೆಂಬ ಭ್ರಮೆ ಒಂದು, ಕಲ್ಲುಗಣಿಗಾರಿಕೆ ಮತ್ತೊಂದು, ತೋಟಕ್ಕಾಗಿ ಗುಡ್ಡ ಸಮತಟ್ಟು ಮಾಡುವುದು ಮೂರನೆಯದು. ಸಮಾಧಿಯಲ್ಲಿ ಸಾಮಾನ್ಯವಾಗಿ ಸಿಗುವುದು ಮಡಕೆ, ತುಕ್ಕು ಹಿಡಿದ ಕಬ್ಬಿಣ, ಎಲುಬಿನ ಚೂರು ಇಷ್ಟೇ ಎಂಬುದನ್ನು ತರಗತಿಯಲ್ಲಿ ತಿಳಿಸಿದರೆ ಮೊದಲ ಭ್ರಮೆ ಬಹುಮಟ್ಟಿಗೆ ನೀಗುವುದು. ಕರ್ನಾಟಕದ 1962ರ ನಿಧಿ ಕಾಯಿದೆಯಂತೆ ನೆಲದಲ್ಲಿ ದೊರೆತ ನಿಧಿಯ ವಿಷಯವನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದನ್ನೂ ಹೇಳಿಕೊಡಬೇಕು. ಪರಂಪರೆಯನ್ನು ಗೌರವಿಸಿ ಕಾಪಾಡುವುದು 1976ರ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಒಂದು.

ಅಧ್ಯಾಪಕರು ಮಕ್ಕಳನ್ನು ಇಂತಹ ನೆಲೆಗೆ ಕರೆದೊಯ್ಯುವುದಾದರೆ ಮಳೆಗಾಲ ಕಳೆದ ಮೇಲೆ, ಸ್ಥಳದವರ ಅನುಮತಿ ಪಡೆದು ಹೋಗುವುದು ಲೇಸು. ಪ್ರತಿ ವಿದ್ಯಾರ್ಥಿಯೂ ಒಂದು ನಕ್ಷೆ ಬರೆಯಲಿ. ಚಪ್ಪಡಿಗಳ ಉದ್ದ, ದಪ್ಪ, ಮುಖ ಮಾಡಿದ ದಿಕ್ಕು ಗುರುತಿಸಲಿ. ಹಾಸುಗಲ್ಲಿನ ಮೇಲೆ ಹತ್ತಕೂಡದು. ಮಡಕೆಯ ಚೂರೊಂದು ಕಂಡರೂ ಅದನ್ನು ಎತ್ತದೆ ಕಂಡ ಜಾಗವನ್ನು ಬರೆದುಕೊಳ್ಳಬೇಕು. ಹಳ್ಳಿಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಿಗೂ ಒಂದು ಹೊಣೆಯಿದೆ. ತೋಟ ಅಗೆಯುವಾಗ ಮುರಕಲ್ಲಿನಲ್ಲಿ ಗುಹೆಯ ಬಾಯಿ ತೆರೆದುಕೊಂಡರೆ ಕೆಲಸ ನಿಲ್ಲಿಸಿ ತಹಸೀಲ್ದಾರರಿಗೋ ಪುರಾತತ್ತ್ವ ಇಲಾಖೆಗೋ ತಿಳಿಸಿದರೆ ಸಾಕು. ವಿದ್ಯಾಭಿಮಾನಿ ದಾನಿಗಳು ಊರೂರಿನ ಇಂತಹ ನೆಲೆಗಳ ಛಾಯಾಚಿತ್ರ ಹಾಗೂ ನಕ್ಷೆಗಳ ಸಂಗ್ರಹಕ್ಕೆ ಶಾಲೆಗಳಿಗೆ ನೆರವಾದರೆ, ಅದು ಕಟ್ಟಡ ಕಟ್ಟಿಸಿದಷ್ಟೇ ಶಾಶ್ವತವಾದ ಕಾರ್ಯವಾಗುವುದು.

ಒಂಬತ್ತು ಕಲ್ಮನೆಗಳಲ್ಲಿ ಸುಸ್ಥಿತಿಯ ಎರಡು ಉಳಿದಿರುವುದು 2023ರ ಲೆಕ್ಕ. ಮುಂದಿನ ತಲೆಮಾರಿನ ವಿದ್ಯಾರ್ಥಿಗಳು ನಕ್ಷೆ ಹಿಡಿದು ಆ ಇಳಿಜಾರಿಗೆ ಹೋದಾಗ ಆ ಎರಡಾದರೂ ಅವರ ಲೆಕ್ಕಕ್ಕೆ ಸಿಗಬೇಕು.