ಮೊದಲು ಟಿಪ್, ಆಮೇಲೆ ಲೇತ್

"ಅಣ್ಣ, ಕ್ಯೂ ರಿಪೇರಿ ಕಲೀಬೇಕು ಅಂತಿದೀನಿ. ಯಾವ ಮಷಿನ್ ತಗೊಳ್ಳಲಿ?"

ಪೂಲ್ ಪಾರ್ಲರ್‌ನ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆಯೇ ಇದು. ಬೆಂಗಳೂರಿನ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು ಹದಿನೈದು ವರ್ಷದಿಂದ ಸ್ನೂಕರ್, ಪೂಲ್ ಕ್ಯೂಗಳನ್ನು ರಿಪೇರಿ ಮಾಡುತ್ತಿದ್ದೇನೆ. ನಾನು ಕೊಡುವ ಉತ್ತರ ಈವರೆಗೆ ಬದಲಾಗಿಲ್ಲ: ಮಷಿನ್ ಬೇಡ. ಮೂರು ಸಾವಿರ ರೂಪಾಯಿ ಕೈಯಲ್ಲಿದ್ದರೆ ಸಾಕು. ಅದನ್ನು ಎಲ್ಲಿ ಧಾರಾಳವಾಗಿ ಖರ್ಚು ಮಾಡಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು ಅನ್ನುವುದು ನಾನು ಕೈಸುಟ್ಟುಕೊಂಡು ಕಲಿತ ವಿದ್ಯೆ.

1. ಏನು ಕೆಡುತ್ತದೆ ನೋಡಿ, ಆಮೇಲೆ ಅಂಗಡಿಗೆ ಹೋಗಿ

ಶುರುವಿನಲ್ಲಿ ಒಂದು ನೋಟ್‌ಬುಕ್ ಇಟ್ಟು, ಕೈಗೆ ಬಂದ ಪ್ರತಿ ಕ್ಯೂಗೂ ಏನಾಗಿತ್ತು ಅಂತ ಬರೆದುಕೊಂಡೆ. ಹತ್ತರಲ್ಲಿ ಎಂಟು ಟಿಪ್ಪಿನ, ಅಂದರೆ ಕ್ಯೂ ತುದಿಯ ಚರ್ಮದ ಬಿಲ್ಲೆಯ ಕೆಲಸ. ಕಿತ್ತುಹೋದದ್ದು, ಸವೆದು ಚಪ್ಪಟೆಯಾದದ್ದು, ಏಟು ತಿಂದು ತಿಂದು ಅಂಚು ಹೊರಗೆ ಹರಡಿಕೊಂಡದ್ದು. ಉಳಿದದ್ದು ಸಡಿಲವಾದ ಫೆರೂಲ್ (ಟಿಪ್ಪಿನ ಹಿಂದಿನ ಉಂಗುರ), ಕೊಳೆ ಹಿಡಿದ ಶಾಫ್ಟ್ (ಟಿಪ್ ಕಡೆಯ ಕೋಲು). ಆದ್ದರಿಂದ ಮೊದಲ ದುಡ್ಡೆಲ್ಲ ಟಿಪ್ಪಿನ ಕೆಲಸಕ್ಕೇ ಹೋಗಲಿ.

ನಿಮ್ಮ ಸುತ್ತಮುತ್ತ ಯಾವ ಆಟ ನಡೆಯುತ್ತದೆ ಅಂತಲೂ ನೋಡಿ. ಸ್ನೂಕರ್ ಕ್ಯೂವಿನ ತುದಿ 9.5ರಿಂದ 10 ಮಿ.ಮೀ., ಪೂಲ್ ಕ್ಯೂವಿನದು ಸುಮಾರು 13 ಮಿ.ಮೀ. ಪೂಲ್ ಅಳತೆಗೆ ಮಾಡಿದ ಉಪಕರಣ ಸ್ನೂಕರ್ ಕ್ಯೂ ಮೇಲೆ ಅಲ್ಲಾಡುತ್ತದೆ. ಅಲ್ಲಾಡುವ ಉಪಕರಣ ಇದ್ದೂ ಇಲ್ಲದಂತೆ. ಹಾಗಾಗಿ ಉಪಕರಣ ಕೊಳ್ಳಲು ಎಸ್.ಪಿ. ರೋಡಿಗೆ ಹೋದವರು ಎಲ್ಲಕ್ಕಿಂತ ಮೊದಲು ಒಂದು ಒಳ್ಳೆಯ ಸ್ಟೀಲ್ ವರ್ನಿಯರ್ ಕ್ಯಾಲಿಪರ್ ಕೊಳ್ಳಿ.

2. ತಿರುಗಿಸುವ ಆಸೆ ಬಿಡಿ

ಸ್ನೂಕರ್ ಕ್ಯೂ ನಾಲ್ಕಡಿ ಹತ್ತಿಂಚಿನ ಕೋಲು. ಸಣ್ಣ ಲೇತ್‌ನ ಚಕ್‌ನಲ್ಲಿ ಅದರ ತುದಿ ಕಚ್ಚಿಸಿದರೆ ಉಳಿದ ನಾಲ್ಕಡಿ ಹಿಂದೆ ಗಾಳಿಯಲ್ಲಿ ನಿಲ್ಲುತ್ತದೆ. ಅಲ್ಲಿ ಸರಿಯಾದ ಆಧಾರ ಕೊಡದೆ ತಿರುಗಿಸಿದರೆ ಆ ಬಾಲ ಚಾಟಿಯಂತೆ ಬೀಸುತ್ತದೆ. ಶಾಫ್ಟ್ ತುದಿಯಿಂದ ಬುಡಕ್ಕೆ ದಪ್ಪವಾಗುತ್ತಾ ಹೋಗುವುದರಿಂದ ಕಚ್ಚಲು ಬೇರೆ ಬೇರೆ ಅಳತೆಯ ನೈಲಾನ್ ಕಾಲರ್‌ಗಳೂ ಬೇಕು. ಲೇತ್‌ನ ಬೆಲೆ ಅಂತ ನೀವು ಲೆಕ್ಕ ಹಾಕಿದ್ದು ಅರ್ಧ ಖರ್ಚು ಮಾತ್ರ.

ಲೇತ್ ಇಲ್ಲದಿದ್ದರೇನು, ಡ್ರಿಲ್ ಇದೆಯಲ್ಲ ಅಂತ ನಾನು ಎರಡನೇ ವರ್ಷ ಒಂದು ಪ್ರಯೋಗ ಮಾಡಿದೆ. ಗೆಳೆಯನೊಬ್ಬನ ಪೂಲ್ ಶಾಫ್ಟಿನ ಬುಡಕ್ಕೆ ಅದೇ ಥ್ರೆಡ್ಡಿನ ಬೋಲ್ಟ್ ಕೂರಿಸಿ, ಬೋಲ್ಟನ್ನು ಡ್ರಿಲ್‌ಗೆ ಕಚ್ಚಿಸಿ, ಉಪ್ಪುಕಾಗದ ಹಿಡಿದು ತಿರುಗಿಸಿದೆ. ಬೋಲ್ಟ್ ಕೂದಲೆಳೆಯಷ್ಟು ಓರೆಯಾಗಿತ್ತು. ಅಷ್ಟಕ್ಕೇ ಶಾಫ್ಟ್ ಬೀಸಿ ಮೇಜಿನ ಅಂಚಿಗೆ ಬಡಿಯಿತು, ಬುಡದೊಳಗಿನ ಹಿತ್ತಾಳೆ ಇನ್ಸರ್ಟ್ ಸಡಿಲವಾಯಿತು. ಗೆಳೆಯ ಏನೂ ಅನ್ನಲಿಲ್ಲ. ಹೊಸ ಶಾಫ್ಟಿನ ದುಡ್ಡು ನಾನೇ ಕೊಟ್ಟೆ. ಅಂದಿನಿಂದ ಕ್ಯೂ ತಿರುಗಿಸುವುದೇನಿದ್ದರೂ ಕೈಯಲ್ಲಿ ಮಾತ್ರ.

3. ಫೆರೂಲ್‌ನ ಮುಖವೇ ಅಡಿಪಾಯ

ಹೊಸಬರು ಟಿಪ್ ಯಾವುದು, ಗ್ಲೂ ಯಾವುದು ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಟಿಪ್ ಕೂರುವ ಜಾಗ ಮಟ್ಟಸವಾಗಿಲ್ಲದಿದ್ದರೆ ಎರಡೂ ದಂಡ.

ಸ್ನೂಕರ್ ಕ್ಯೂವಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಉಂಗುರ ತೊಟ್ಟ ಬೆರಳಿನ ಹಾಗೆ ಸುತ್ತ ಹಿತ್ತಾಳೆ, ನಡುವೆ ಆಶ್ ಮರ. ಬರಿಗೈಯಲ್ಲಿ ಉಪ್ಪುಕಾಗದ ತಿಕ್ಕಿದರೆ ಮರ ಬೇಗ ಸವೆಯುತ್ತದೆ, ಹಿತ್ತಾಳೆ ಜಗ್ಗುವುದಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಗುಳಿ ಬೀಳುತ್ತದೆ. ಅಂಟಿಸಿದ ಟಿಪ್ ಅಂಚಿನ ಮೇಲಷ್ಟೇ ಕೂತಿರುತ್ತದೆ. ಬಾಲ್ ಹೊಡೆದಾಗ ಟೊಳ್ಳು ಸದ್ದು ಬರುತ್ತದೆ, ವಾರದೊಳಗೆ ಟಿಪ್ ಹಾರಿಹೋಗುತ್ತದೆ.

ಇದಕ್ಕೆ ನನ್ನ ಬಳಿ ಇರುವುದು ಅಂಗೈಯಗಲದ ತೇಗದ ತುಂಡು. ಎರಡಿಂಚು ದಪ್ಪ. ಪಿಲ್ಲರ್ ಡ್ರಿಲ್ ಇರುವ ವರ್ಕ್‌ಶಾಪಿಗೆ ಒಯ್ದು, ಫೆರೂಲ್‌ಗಿಂತ ಅರ್ಧ ಮಿ.ಮೀ. ದೊಡ್ಡ ತೂತನ್ನು ನೆಟ್ಟಗೆ ಕೊರೆಸಿದ್ದೆ. ಕೈ ಡ್ರಿಲ್‌ನಲ್ಲಿ ಕೊರೆದರೆ ನಡೆಯುವುದಿಲ್ಲ, ತೂತು ಓರೆಯಾದರೆ ತುಂಡು ಒಲೆಗೆ ಹಾಕಲು ಲಾಯಕ್ಕು. ದಪ್ಪ ಗಾಜಿನ ಮೇಲೆ 240 ನಂಬರಿನ ಉಪ್ಪುಕಾಗದ ಅಂಟಿಸಿ, ಅದರ ಮೇಲೆ ತುಂಡನ್ನು ಒತ್ತಿ ಹಿಡಿದು, ತೂತಿನೊಳಗೆ ಕ್ಯೂ ಇಳಿಸಿ ನಿಧಾನವಾಗಿ ಹೊರಳಿಸುತ್ತೇನೆ. ಸಡಿಲ ಅನ್ನಿಸಿದರೆ ಫೆರೂಲ್‌ಗೆ ಮಾಸ್ಕಿಂಗ್ ಟೇಪ್ ಒಂದು ಸುತ್ತು.

ಮಟ್ಟವಾಯಿತೋ ಇಲ್ಲವೋ ಅಂತ ಕಣ್ಣನ್ನು ನಂಬಬೇಡಿ. ಮುಖಕ್ಕೆಲ್ಲ ಕಪ್ಪು ಮಾರ್ಕರ್ ಬಳಿಯಿರಿ. ನಾಲ್ಕು ಸುತ್ತು ತಿಕ್ಕಿ ಎತ್ತಿ ನೋಡಿ. ಮಸಿ ಎಲ್ಲಿ ಉಳಿದಿದೆಯೋ ಅಲ್ಲಿ ತಗ್ಗು. ಮರದ ಮೇಲೂ ಹಿತ್ತಾಳೆಯ ಮೇಲೂ ಒಂದೇ ಸಲಕ್ಕೆ ಮಸಿ ಮಾಯವಾದ ಗಳಿಗೆ ನಿಲ್ಲಿಸಿಬಿಡಿ. ಪ್ರತಿ ಸಲವೂ ಹಿತ್ತಾಳೆ ಒಂದಿಷ್ಟು ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಕನ್ನಡಿಯಂತೆ ನಯ ಮಾಡುವುದೂ ತಪ್ಪು, ಗ್ಲೂ ಹಿಡಿಯಲು ಸ್ವಲ್ಪ ತರಿ ಬೇಕು.

4. ಗ್ಲೂ: ನೀರಿನಂಥದ್ದು ಬೇಡ, ಜೆಲ್ ಇರಲಿ

ತೆಳುವಾದ ಇನ್‌ಸ್ಟಂಟ್ ಗ್ಲೂವನ್ನು ಮರದ ತುದಿ ಬಾಯಾರಿದವರಂತೆ ಕುಡಿದುಬಿಡುತ್ತದೆ. ಚರ್ಮವೂ ಹೀರಿಕೊಂಡು ಕಲ್ಲಿನಂಥ ಪದರವಾಗುತ್ತದೆ. ಅದೇ ಜಾತಿಯ ಗ್ಲೂ ಜೆಲ್ ರೂಪದಲ್ಲೂ ಸಿಗುತ್ತದೆ, ಸ್ವಲ್ಪ ದುಬಾರಿ, ಅದನ್ನೇ ತನ್ನಿ. ಮರಕ್ಕೆ ಮೊದಲು ತೆಳ್ಳಗೆ ಒಂದು ಕೈ ಹಚ್ಚಿ ಒಣಗಲು ಬಿಡಿ. ಒಣಗಿದ್ದನ್ನು ಒಮ್ಮೆ ಮೆಲ್ಲಗೆ ತಿಕ್ಕಿ, ಎರಡನೇ ಕೈಗೆ ಟಿಪ್ ಇಟ್ಟು ಒತ್ತಿ. ಕ್ಲಾಂಪ್ ಕೊಳ್ಳುವ ಅಗತ್ಯವಿಲ್ಲ. ಕ್ಯೂವನ್ನು ತಲೆಕೆಳಗು ಮಾಡಿ ನೆಲಕ್ಕೆ ನೇರವಾಗಿ ಒತ್ತಿ ಹಿಡಿದರೆ ಆಯಿತು. ಅವಸರ ಮಾಡದೆ ರಾತ್ರಿಯಿಡೀ ಬಿಡುವುದು ನನ್ನ ರೂಢಿ.

ಹಳೆ ಗ್ಲೂ ತೆಗೆಯಲು ಅಸಿಟೋನ್ ಬಳಸುವವರು ಎಚ್ಚರವಾಗಿರಿ. ಒಂದು ಹನಿ ಶಾಫ್ಟಿಗೆ ಇಳಿದರೂ ಪಾಲಿಶ್ ಎದ್ದುಬರುತ್ತದೆ. ಬ್ಲೇಡಿನಲ್ಲಿ ಕೆರೆದು ತೆಗೆಯುವುದೇ ವಾಸಿ.

5. ಚರ್ಮದಲ್ಲಿ ಜಿಪುಣತನ ಬೇಡ, ದುಂದೂ ಬೇಡ

ಕ್ಯೂ ತುದಿಗೆ ಚರ್ಮ ಬಂದದ್ದು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ. ಆ ಹಿರಿಮೆಯನ್ನು ಫ್ರೆಂಚ್ ಸೈನ್ಯದ ಕ್ಯಾಪ್ಟನ್ ಫ್ರಾಂಸ್ವಾ ಮಿಂಗೋಗೆ ಕೊಡುತ್ತಾರೆ. ಬಾಲಿಗೆ ಸೈಡ್, ಸ್ಕ್ರೂ ಅಂತ ತಿರುಗು ಕೊಡುವ ಆಟವೆಲ್ಲ ಆ ಚಿಕ್ಕ ಚರ್ಮದ ಬಿಲ್ಲೆಯಿಂದಲೇ ಬೆಳೆದದ್ದು. ಅದಕ್ಕೇ ಅದರ ಬಗ್ಗೆ ನನಗೆ ಇಷ್ಟು ಮಮತೆ.

ಪದರ ಪದರದ ಜಪಾನಿ ಟಿಪ್ ಒಂದರ ಬೆಲೆಗೆ ಸಾದಾ ಒತ್ತು ಚರ್ಮದ ಟಿಪ್ ಹಲವು ಬರುತ್ತವೆ. ಕಲಿಯುವವರಿಗೆ ಎಲ್ಕ್ ಮಾಸ್ಟರ್‌ನಂಥ 50 ಟಿಪ್ಪಿನ ಡಬ್ಬಿ ಸರಿಯಾದ ಆಯ್ಕೆ. ಸಾದಾ ಚರ್ಮ ಒಂದರಂತೆ ಒಂದಿರುವುದಿಲ್ಲ. ಡಬ್ಬಿ ತೆರೆದ ದಿನವೇ ಒಂದೊಂದಕ್ಕೂ ಉಗುರು ಒತ್ತಿ ನೋಡಿ ಮೆತ್ತಗಿನವು, ಗಟ್ಟಿಯವು ಅಂತ ಬೇರೆ ಮಾಡಿಡಿ. ಫೆರೂಲ್ 9.5 ಇದ್ದರೆ ಟಿಪ್ 10ರದ್ದಿರಲಿ, ಹೆಚ್ಚಿನದನ್ನು ಕೊರೆದು ಸಮ ಮಾಡಬಹುದು. ಚಿಕ್ಕದಾದರೆ ಮಾಡುವಂಥದ್ದು ಏನೂ ಇಲ್ಲ.

6. ಕೊರೆಯಲು ಹೊಸ ಬ್ಲೇಡ್, ಅಳೆಯಲು ನಾಣ್ಯ

ಟಿಪ್ ಕೆಳಗಾಗಿ ಕ್ಯೂವನ್ನು ಹಲಗೆಯ ಮೇಲೆ ನಿಲ್ಲಿಸಿ, ಫೆರೂಲ್‌ನಿಂದ ಕೆಳಮುಖವಾಗಿ ಹೆಚ್ಚಿನ ಚರ್ಮ ಕೊರೆಯಿರಿ. ಪ್ರತಿ ಟಿಪ್ಪಿಗೂ ಹೊಸ ಅಲಗು. ಮೊಂಡು ಬ್ಲೇಡ್ ಚರ್ಮವನ್ನು ಎಳೆಯುತ್ತದೆ, ಎಳೆದ ಜೋರಿಗೆ ಗ್ಲೂ ಬಿಡುತ್ತದೆ. ಆಮೇಲೆ ತಲೆ ಗುಂಡಗೆ ಮಾಡಬೇಕು. ಅಮೆರಿಕದ ಪೂಲ್ ಆಟಗಾರರು ಅವರ ಡೈಮ್, ನಿಕಲ್ ನಾಣ್ಯಗಳ ದುಂಡು ನೋಡಿ ಟಿಪ್ ಅಳೆಯುತ್ತಾರೆ. ನಿಕಲ್ 21 ಮಿ.ಮೀ. ಚಿಲ್ಲರೆ. ನಮ್ಮ 2019ರ ಮಾದರಿಯ ಒಂದು ರೂಪಾಯಿ 20 ಮಿ.ಮೀ., ಹೆಚ್ಚುಕಡಿಮೆ ಅದೇ ದುಂಡು. ನಾಣ್ಯವನ್ನು ಟಿಪ್ಪಿನ ಪಕ್ಕಕ್ಕೆ ಹಿಡಿದು ಎರಡರ ಅಂಚೂ ಒಂದೇ ಬಾಗು ಬರುವ ತನಕ ತೀಡಿ.

7. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ

ಆಶ್ ಶಾಫ್ಟಿಗೆ ವರ್ಷಕ್ಕೊಂದೆರಡು ಸಲ ಅಗಸೆ ಎಣ್ಣೆ ಹಚ್ಚುತ್ತೇವೆ. ಪೇಂಟ್ ಅಂಗಡಿಯ ಬಾಯಿಲ್ಡ್ ಲಿನ್ಸೀಡ್ ಬೇಗ ಒಣಗುತ್ತದೆ. ಒಂದು ಸಂಜೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಬಕೆಟ್ಟಿಗೆ ತುರುಕಿ ಒಳಗೆ ಹೋಗಿದ್ದೆ. ಊಟ ಮುಗಿಸಿ ಬಂದು ಮುಟ್ಟಿದರೆ ಇಸ್ತ್ರಿ ಮಾಡಿದ ಹಾಗೆ ಬಿಸಿ! ಈ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಶಾಖ ಹುಟ್ಟಿಸುತ್ತದೆ. ಮುದ್ದೆಯೊಳಗಿನ ಶಾಖಕ್ಕೆ ಹೊರದಾರಿ ಇರುವುದಿಲ್ಲ, ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಮನೆಯಲ್ಲಿ ಮಕ್ಕಳಿದ್ದಾರೆ. ಬಟ್ಟೆಯನ್ನು ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

8. ಸತ್ತ ಕ್ಯೂ ಮೇಲೆ ಕಲಿಯಿರಿ

ಪಾರ್ಲರ್‌ನ ಮೂಲೆಯಲ್ಲಿ ಬಾಗಿ ಬಿದ್ದಿರುವ ಕ್ಯೂ ಕೇಳಿ ತನ್ನಿ, ಬಿಟ್ಟಿ ಕೊಡುತ್ತಾರೆ. ಅದಕ್ಕೆ ಹತ್ತು ಟಿಪ್ ಹಾಕಿ, ಹತ್ತನ್ನೂ ಕಿತ್ತು ನೋಡಿ. ಕಿತ್ತ ಟಿಪ್ಪಿನ ಬೆನ್ನಿಗೆ ಗ್ಲೂ ಪೂರ್ತಿ ಹರಡಿದೆಯೋ, ನಡುವೆ ಖಾಲಿ ಬಿಟ್ಟಿದೆಯೋ ಅನ್ನುವುದರಲ್ಲಿ ನಿಮ್ಮ ತಪ್ಪು ತಿಳಿಯುತ್ತದೆ. ನನ್ನ ಮೊದಲ ನಾಲ್ಕರಲ್ಲಿ ನಡುವೆ ಖಾಲಿಯಿತ್ತು. ಐದನೆಯದನ್ನು ಕೀಳಲು ಬ್ಲೇಡ್ ಹಾಕಿದರೆ ಚರ್ಮ ಸೀಳಿತು, ಗ್ಲೂ ಬಿಡಲಿಲ್ಲ. ಅದರ ಮರುದಿನವೇ ಮೊದಲ ಬಾರಿಗೆ ಬೇರೆಯವರ ಕ್ಯೂ ಕೈಗೆ ತೆಗೆದುಕೊಂಡೆ.