ರೋಗದ ಗಂಧ

ಹಡಗಲಿಗೆ ‘ಹೂವಿನ’ ಎಂಬ ವಿಶೇಷಣ ಸಂದುದು ಅಲ್ಲಿಯ ಹೂಗಳಿಂದ. ವಿಜಯನಗರದ ಅರಸರ ಕಾಲದಲ್ಲಿ ಅವು ತುಂಗಭದ್ರೆಯ ಮಾರ್ಗವಾಗಿ ಹಂಪೆಗೆ ಹೋಗುತ್ತಿದ್ದವೆಂದು ಜನರು ಹೇಳುವರು. ಹಡಗಲಿ ಮಲ್ಲಿಗೆಗೆ ಇಂದು ಭೌಗೋಳಿಕ ಸೂಚಿಯ ಮನ್ನಣೆಯೂ ಉಂಟು. ಆದರೆ ಗಿಡವು ಗಂಧ ಬೀರುವುದು ಹೂವಿನಿಂದ ಮಾತ್ರವಲ್ಲ, ಎಲೆಯಿಂದಲೂ ಹೌದು. ಮನುಷ್ಯನ ಮೂಗಿಗೆ ಬಹುಮಟ್ಟಿಗೆ ನಿಲುಕದ ಆ ಗಂಧವು ಕೀಟದ ಮೀಸೆಗೆ ನಿಲುಕುತ್ತದೆ. ಹಳಗನ್ನಡದ ‘ನಾಱು’ ಎಂಬ ಕ್ರಿಯಾಪದಕ್ಕೆ ವಾಸನೆ ಬೀರು ಎಂಬ ಅರ್ಥವುಂಟು. ದುರ್ವಾಸನೆಯೊಂದಕ್ಕೇ ಅದು ಸಲ್ಲುವುದು ಈಚಿನ ರೂಢಿ. ಕೀಟದ ಪಾಲಿಗೆ ಹಳೆಯ ಅರ್ಥವೇ ಸರಿ.

ನಂಜಾಣುವಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಅನೇಕ ನಂಜುರೋಗಗಳು ಹೊಲದಿಂದ ಹೊಲಕ್ಕೆ ಹೋಗುವುದು ರಸಹೀರುವ ಕೀಟದ ಬಾಯಿಯಲ್ಲಿ. ಸೌತೆಯ ಮೊಸಾಯಿಕ್ ನಂಜು ತಗುಲಿದ ಕುಂಬಳಜಾತಿಯ ಗಿಡಗಳನ್ನು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿ 2010ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ರೋಗಿ ಗಿಡದ ಗಂಧವು ಆರೋಗ್ಯವಂತ ಗಿಡದ ಗಂಧದಂತೆಯೇ ಇದ್ದು, ಪ್ರಮಾಣದಲ್ಲಿ ಮಾತ್ರ ಹೆಚ್ಚಾಗಿತ್ತು. ಸಸ್ಯಹೇನುಗಳು ಅದಕ್ಕೆ ಮರುಳಾಗಿ ಬಂದವು. ರುಚಿ ನೋಡಿ, ಸೇರದೆ, ಬೇಗನೆ ಬೇರೆ ಗಿಡಕ್ಕೆ ಹೊರಟವು. ಈ ನಂಜು ಹೇನಿನ ಬಾಯಿಗೆ ಅಂಟಲು ಕೆಲವು ಕ್ಷಣಗಳ ಚುಚ್ಚುವಿಕೆ ಸಾಕು. ಕರೆದು, ಉಣಬಡಿಸದೆ ಕಳುಹಿಸುವುದರಲ್ಲೇ ಅದರ ಪ್ರಸಾರ ಅಡಗಿದೆ. ಕೊಡಗಿನ ಕಿತ್ತಳೆಯನ್ನು ಕಾಡಿದ ಗ್ರೀನಿಂಗ್ ರೋಗದಲ್ಲಿಯೂ ಇಂಥದೇ ನಡೆ ಕಂಡಿದೆ: ರೋಗಿ ಮರವು ನೋವಿನ ಮುಲಾಮಿನಲ್ಲಿರುವ ಮೀಥೈಲ್ ಸ್ಯಾಲಿಸಿಲೇಟನ್ನು ಹೆಚ್ಚಾಗಿ ಬೀರಿ ಸಿಲ್ಲಾ ಕೀಟವನ್ನು ಸೆಳೆಯುತ್ತದೆ. ಇದನ್ನು ರೋಗಾಣುವಿನ ಕುಟಿಲಬುದ್ಧಿ ಎನ್ನುವವರುಂಟು, ಅದು ಉತ್ಪ್ರೇಕ್ಷಾಲಂಕಾರವಷ್ಟೆ. ಹೀಗೆ ಹರಡಬಲ್ಲವು ಉಳಿದವು, ಉಳಿದವು ಅಳಿದವು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬೇಸಾಯಗಾರನಿಗೆ ಇದರಲ್ಲಿ ಕೆಲಸಕ್ಕೆ ಬರುವ ಮಾತಿದೆ. ಹೇನು ಹರಡುವ ಇಂಥ ನಂಜಿಗೆ ಕೀಟನಾಶಕವು ಬಹುಪಾಲು ವ್ಯರ್ಥ ವೆಚ್ಚ. ಹೇನು ಸಾಯುವ ಮೊದಲೇ ನಂಜು ದಾಟಿರುತ್ತದೆ. ಟೊಮೆಟೊ ಎಲೆಮುಟುರಿನ ರೀತಿ ಬೇರೆ. ಬಿಳಿನೊಣವು ಆ ನಂಜನ್ನು ಪಡೆಯಲು ಹೆಚ್ಚು ಹೊತ್ತು ಹೀರಬೇಕು, ಪಡೆದ ಮೇಲೆ ಹಲವು ದಿನ ಹೊತ್ತು ತಿರುಗುತ್ತದೆ. ಆದುದರಿಂದ ಸಸಿಮಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟುವುದು ಮೊದಲ ಕೆಲಸ. ಎಳೆಯ ಪೈರಿನಲ್ಲಿ ಮುಟುರಿದ ಗಿಡ ಕಂಡೊಡನೆ ಕೀಳುವುದು ಎರಡನೆಯದು. ಕಿತ್ತುದನ್ನು ಬದುವಿನ ಮೇಲೆ ಎಸೆಯಲಾಗದು. ಬಾಡುವ ಎಲೆಯಿಂದೆದ್ದ ಬಿಳಿನೊಣವು ಪಕ್ಕದ ಸಾಲಿನಲ್ಲೇ ಕೂರುತ್ತದೆ. ಚೀಲದಲ್ಲಿ ಮುಚ್ಚಿ ಹೊರಗೊಯ್ದು ಹೂಳಬೇಕು.