ಬೆಂಗಳೂರಿನ ಸಂಬಳ, ಸಿರಾದ ಬಾಡಿಗೆ

ನರ್ಸಿಂಗ್ ಮುಗಿಸಿದ ಹುಡುಗಿ ಬೆಂಗಳೂರಿಗೆ ಹೊರಟಳು ಅಂದರೆ ನಮ್ಮೂರು ಪಟ್ಟನಾಯಕನಹಳ್ಳಿಯಲ್ಲಿ ಮೊದಲು ಏಳುವ ಪ್ರಶ್ನೆ, 'ಕೈಗೆಷ್ಟು ಬತ್ತದವ್ವ?' ಆಸ್ಪತ್ರೆಯವರು ಹೇಳುವ ಅಂಕಿ ಬೇರೆಯದೇ. ನಾನು ಕೆಲಸ ಮಾಡುವ ತುಮಕೂರಿನ ನರ್ಸಿಂಗ್ ಹೋಮ್ ಬಿಡುವ ಯೋಚನೆ ಮಾಡಿದಾಗ ರಾಜಧಾನಿಯ ಖಾಸಗಿ ಆಸ್ಪತ್ರೆಯೊಂದು ನನಗೆ ಹೇಳಿದ್ದು ತಿಂಗಳಿಗೆ 28,000 ರೂಪಾಯಿ. ಅದು ಸಿಟಿಸಿ. ಅವರು ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲವೂ ಅದರೊಳಗೇ ಸೇರಿತ್ತು. ನನ್ನ ಪಾಲಿನ ಪಿಎಫ್, ವೃತ್ತಿ ತೆರಿಗೆ ಕಳೆದರೆ ಉಳಿಯುವುದು 23 ಸಾವಿರದ ಆಸುಪಾಸು. 'ಗ್ರೇಡ್ ಯಾವುದು, ವರ್ಷಕ್ಕೆಷ್ಟು ಏರುತ್ತೆ?' ಎಂದೆ. 'ಪರ್ಫಾರ್ಮೆನ್ಸ್ ನೋಡ್ಕೊಂಡು ಮಾಡ್ತೀವಿ ಸಿಸ್ಟರ್' ಎಂಬ ಉತ್ತರ ಬಂತು.

ಗ್ರೇಡೇ ಇಲ್ಲದ ಕಡೆ ಲೆಕ್ಕ ಹಾಕುವುದಾದರೂ ಏನನ್ನು? ಹಾಗಾಗಿ ಸರ್ಕಾರಿ ವೇತನ ಶ್ರೇಣಿಗಳನ್ನು ಹಿಡಿದು ಕೂತೆ. ಅಲ್ಲಿ ಮುಚ್ಚುಮರೆ ಇಲ್ಲ, ಆದರೆ ಎಡವುವ ಜಾಗ ಒಂದಿದೆ. ರಾಜ್ಯದ ಶುಶ್ರೂಷಾಧಿಕಾರಿಯ ಶ್ರೇಣಿ ಮೊದಲು 33,450ರಿಂದ ಶುರುವಾಗುತ್ತಿತ್ತು. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ 54,175 ಆಯಿತು. ಕೇಂದ್ರ ಸರ್ಕಾರದಲ್ಲಿ ಇದೇ ಹುದ್ದೆ ಲೆವೆಲ್ 7, ಮೂಲ ವೇತನ 44,900. ನೋಡಿದ ಕೂಡಲೇ ನಮ್ಮ ರಾಜ್ಯವೇ ಮೇಲು ಅನ್ನಿಸುತ್ತದೆ.

ಇಲ್ಲ. ಕೇಂದ್ರದ ಆ ಅಂಕಿ 2016ರದ್ದು. ಅಲ್ಲಿಂದೀಚಿನ ತುಟ್ಟಿಭತ್ಯೆಯೆಲ್ಲ ಅದರ ಹೊರಗೇ ಬೆಳೆದುಕೊಂಡು ಬಂದಿದೆ. ರಾಜ್ಯದವರು ಹಳೆಯ ತುಟ್ಟಿಭತ್ಯೆಯಲ್ಲಿ ಶೇ 31ರಷ್ಟನ್ನು ಮೂಲ ವೇತನಕ್ಕೇ ಸೇರಿಸಿಬಿಟ್ಟರು. 2025ರ ಜನವರಿಯ ದರವನ್ನೇ ತೆಗೆದುಕೊಳ್ಳಿ: ಕೇಂದ್ರದ್ದು ಶೇ 55, ರಾಜ್ಯದ್ದು ಶೇ 12.25. ಬೆಂಗಳೂರಿನಲ್ಲಿ ಕೇಂದ್ರದ ಮನೆ ಬಾಡಿಗೆ ಭತ್ಯೆ ಶೇ 30, ಜೊತೆಗೆ ನರ್ಸಿಂಗ್ ಭತ್ಯೆ 9,000. ಇಷ್ಟು ಕೂಡಿದರೆ ಕಡಿತಕ್ಕೆ ಮುಂಚೆ 92 ಸಾವಿರ. ರಾಜ್ಯದ್ದು ಅದೇ ಬೆಂಗಳೂರಿನಲ್ಲಿ ಶೇ 20ರ ಬಾಡಿಗೆ ಭತ್ಯೆ ಸೇರಿ ಸುಮಾರು 71,600. ಮೂಲ ವೇತನ ನೋಡಿ ಕೇಂದ್ರದ ಸಂಸ್ಥೆಯಾದ ನಿಮ್ಹಾನ್ಸ್‌ಗೆ ಅರ್ಜಿ ಹಾಕದೆ ಬಿಟ್ಟವರಿದ್ದರೆ ಈ ಕೂಡುವ ಲೆಕ್ಕ ಒಮ್ಮೆ ಮಾಡಲಿ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು. ರಾಜ್ಯದ ಅದೇ ಹುದ್ದೆಯನ್ನು ಸಿರಾ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿದರೆ ಬಾಡಿಗೆ ಭತ್ಯೆ ಶೇ 7.5ಕ್ಕೆ ಇಳಿಯುತ್ತದೆ: 10,835ರ ಬದಲು 4,063. ಬೆಂಗಳೂರಿಗೆ ಹೋದದ್ದಕ್ಕೆ ಬಾಡಿಗೆ ಭತ್ಯೆಯಲ್ಲಿ ಸಿಗುವ ಹೆಚ್ಚುವರಿ 6,772 ರೂಪಾಯಿ ಮಾತ್ರ. ಆ ದುಡ್ಡಿಗೆ ನಾನು ನೋಡಿದ ಬಡಾವಣೆಗಳಲ್ಲಿ ಪಿಜಿಯ ಒಂದು ಮಂಚ ಸಿಗುತ್ತಿತ್ತು, ಮನೆಯಲ್ಲ. ಸಿರಾಕ್ಕಾದರೆ ಊರಿಂದಲೇ ಬಸ್ಸಿದೆ, ರಾತ್ರಿ ಪಾಳಿಯ ದಿನ ಮಾತ್ರ ಸ್ವಲ್ಪ ಪಜೀತಿ.

ಖಾಸಗಿಯವರಿಗೂ ಅಳತೆಗೋಲು ಇಲ್ಲವೆಂದಲ್ಲ. ಸುಪ್ರೀಂ ಕೋರ್ಟ್ ಸೂಚನೆಯಂತೆ 2016ರಲ್ಲಿ ಕೇಂದ್ರ ರಚಿಸಿದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳು ರಾಜ್ಯ ಸರ್ಕಾರದ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಚಿಕ್ಕವೂ 20,000ಕ್ಕೆ ಕಡಿಮೆ ಕೊಡಬಾರದು ಎಂದಿತ್ತು. ನನ್ನನ್ನು ಕರೆದ ಆಸ್ಪತ್ರೆಗೆ 200ಕ್ಕೂ ಹೆಚ್ಚು ಹಾಸಿಗೆಗಳಿವೆ. ಆ ಶಿಫಾರಸಿಗೂ ನನ್ನ ಆಫರ್ ಲೆಟರಿಗೂ ನಡುವಿನ ಅಂತರ ನೀವೇ ಅಳೆದುಕೊಳ್ಳಿ.

ಜೊತೆಯಲ್ಲಿ ಓದಿದ ಕೆಲವರು ಬ್ರಿಟನ್ ಕಡೆ ನೋಡುತ್ತಿದ್ದಾರೆ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಹೊಸ ನರ್ಸ್‌ನ ವೇತನ ಶ್ರೇಣಿ ಬ್ಯಾಂಡ್ 5. ಇಂಗ್ಲೆಂಡಿನಲ್ಲಿ 2025–26ಕ್ಕೆ ವರ್ಷಕ್ಕೆ 31,049 ಪೌಂಡಿನಿಂದ ಶುರು. ಆ ಪಟ್ಟಿಯೂ ಬಹಿರಂಗವೇ, ಏಜೆಂಟರ ಬಾಯಿಂದ ಕೇಳಬೇಕಿಲ್ಲ. ಏಜೆಂಟರು ಹೇಳದೆ ನುಂಗುವ ಸಂಗತಿ ಇದು: ಅಲ್ಲಿ ಓಎಸ್‌ಸಿಇ ಪರೀಕ್ಷೆ ಪಾಸಾಗಿ ನೋಂದಣಿ ಸಂಖ್ಯೆ ಸಿಗುವವರೆಗೆ ಸಾಮಾನ್ಯವಾಗಿ ಕೆಳಗಿನ ಬ್ಯಾಂಡಿನ ಸಂಬಳವೇ.

28,000ದ ಆ ಆಫರ್ ಬಿಟ್ಟೆ. ಸದ್ಯಕ್ಕೆ ತುಮಕೂರೇ. ಪಾಳಿ ಮುಗಿಸಿ ಬಂದು ನೇಮಕಾತಿ ಪರೀಕ್ಷೆಗೆ ಓದುತ್ತಿದ್ದೇನೆ. ನಿಮ್ಹಾನ್ಸ್ ಕರೆದರೆ ಬೆಂಗಳೂರು. ರಾಜ್ಯದ್ದಾದರೆ ಬೆಂಗಳೂರು ಖಾಲಿ ಇದ್ದರೂ ನಾನು ಕೇಳುವುದು ಸಿರಾ, ಅದು ಸಿಗದಿದ್ದರೆ ಮಧುಗಿರಿ.